ವಾಹನ ಸಲಹೆ: ಹೈಬ್ರಿಡ್ ಕಾರು, ಒಟ್ಟಿಗೆ ಹೊತ್ತುವ ದೀಪಗಳು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದ ನಾವು 24 ದಿನಗಳ ನಂತರ ಮರಳಿದೆವು. ಅಷ್ಟು ದಿನವೂ ನಮ್ಮ ಮೂರು ವರ್ಷ ಹಳೆಯ ಪೆಟ್ರೋಲ್ ಹೈಬ್ರಿಡ್ ಕಾರು ಮನೆಯ ಪೋರ್ಟಿಕೋದಲ್ಲೇ ನಿಂತಿತ್ತು. ಬಂದ ದಿನ ಪವರ್ ಬಟನ್ ಒತ್ತಿದಾಗ ಬ್ರೇಕ್, ಎಬಿಎಸ್, ಸ್ಟೀರಿಂಗ್ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಸೂಚನೆಯೂ ಬಂತು. ಗಾಡಿ ಮಾತ್ರ ಚಾಲೂ ಆಗಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಎರಡು ದಿನದ ಮೇಲೆ ಮತ್ತೆ ಅದೇ ಗೋಳು. ಪರಿಚಯದ ಮೆಕ್ಯಾನಿಕ್ ಒಬ್ಬರು ಹೈಬ್ರಿಡ್ ಬ್ಯಾಟರಿಯೇ ಹೋಗಿದೆ, ಲಕ್ಷಗಟ್ಟಲೆ ಖರ್ಚಿದೆ ಎನ್ನುತ್ತಾರೆ. ನಿಜವೇ?
— ನಿವೃತ್ತ ಉಪನ್ಯಾಸಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದೊಡ್ಡ ಬ್ಯಾಟರಿಯ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಕಾರಿನಲ್ಲಿ ಬ್ಯಾಟರಿಗಳು ಎರಡಿವೆ. ಚಕ್ರ ತಿರುಗಿಸುವ ಮೋಟರಿಗೆ ಶಕ್ತಿ ಕೊಡುವ ಹೆಚ್ಚು ವೋಲ್ಟೇಜಿನದು ಒಂದು. ಎಲ್ಲ ಕಾರುಗಳಲ್ಲೂ ಇರುವಂಥ 12 ವೋಲ್ಟಿನ ಚಿಕ್ಕದು ಇನ್ನೊಂದು. ಬಟನ್ ಒತ್ತಿದ ಕ್ಷಣದಲ್ಲಿ ಮೊದಲು ಎಚ್ಚರಗೊಳ್ಳಬೇಕಾದ ಕಂಪ್ಯೂಟರುಗಳು ನಡೆಯುವುದು ಈ ಚಿಕ್ಕದರಿಂದ. ಅವು ಒಂದನ್ನೊಂದು ವಿಚಾರಿಸಿಕೊಂಡು, ಎಲ್ಲವೂ ಸರಿಯಿದೆ ಎಂದಾದ ಮೇಲಷ್ಟೇ ದೊಡ್ಡ ಬ್ಯಾಟರಿಯ ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಕೂಡಿಕೊಂಡು ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂಬ ದೀಪ ಬೆಳಗುತ್ತದೆ. ಆ ಹೊತ್ತಿನಲ್ಲಿ 12 ವೋಲ್ಟು ಕುಸಿದರೆ ಬ್ರೇಕಿನ ಕಂಪ್ಯೂಟರಿಗೆ ಸ್ಟೀರಿಂಗಿನದು ಕೇಳಿಸುವುದಿಲ್ಲ, ಅದಕ್ಕೆ ಎಂಜಿನ್ನಿನದು ಕೇಳಿಸುವುದಿಲ್ಲ. ಪ್ರತಿಯೊಂದೂ ತನ್ನ ದೀಪವನ್ನು ಹೊತ್ತಿಸಿ ಕೂರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ದೋಷಗಳು ಒಂದೇ ಬೆಳಿಗ್ಗೆ ಹುಟ್ಟಿಕೊಳ್ಳುವುದಕ್ಕಿಂತ, ಅವೆಲ್ಲಕ್ಕೂ ವಿದ್ಯುತ್ ಒದಗಿಸುವ ಒಂದು ಮೂಲ ಸೊರಗಿರುವುದೇ ಹೆಚ್ಚು ಸಂಭವನೀಯ. ಒಂದು ಗಂಟೆಯ ಬಿಡುವಿನಲ್ಲಿ ಸುಸ್ತಾದ ಬ್ಯಾಟರಿ ತುಸು ಚೇತರಿಸಿಕೊಳ್ಳುವುದೂ ಉಂಟು.

ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರ ಕಿವಿಗೆ ಪರಿಚಿತವಾದ ಸದ್ದು ಇಲ್ಲಿ ಬರುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಬ್ಯಾಟರಿ ಇಳಿದರೆ ಸ್ಟಾರ್ಟರ್ ಮೋಟರ್ ಎಳೆದೆಳೆದು ನರಳುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ನಿಮ್ಮಂಥ ಪೂರ್ಣ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟರ್ ಆದ್ದರಿಂದ ಚಿಕ್ಕದು ಸದ್ದಿಲ್ಲದೆಯೇ ಸಾಯುತ್ತದೆ.

ಒಂದು ಮಲ್ಟಿಮೀಟರ್ ತನ್ನಿ. ಕಾರು ರಾತ್ರಿಯಿಡೀ ನಿಂತ ಮೇಲೆ 12 ವೋಲ್ಟಿನ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಅಳೆಯಿರಿ. ಬಾಗಿಲು ತೆರೆದರೇ ಕೆಲವು ಕಂಪ್ಯೂಟರುಗಳು ಎಚ್ಚರಗೊಂಡು ಮೀಟರಿನ ಓದು ಕೆಳಗಿಳಿಯುವುದರಿಂದ ಬಾನೆಟ್ ಅಥವಾ ಡಿಕ್ಕಿಯನ್ನು ತೆರೆದು ಐದು-ಹತ್ತು ನಿಮಿಷ ಕಾಯಿರಿ. 12.6ರ ಆಸುಪಾಸು ಇದ್ದರೆ ಪೂರ್ತಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.8ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಆಮೇಲೆ ಕಾರನ್ನು 'ರೆಡಿ' ಸ್ಥಿತಿಗೆ ತಂದು ಮತ್ತೆ ನೋಡಿ. ಇಂಥ ಹೈಬ್ರಿಡ್‌ನಲ್ಲಿ, ಎಂಜಿನ್ ತಿರುಗುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ತಗ್ಗಿಸಿ ಚಿಕ್ಕದನ್ನು ತುಂಬಿಸುವ ಕನ್ವರ್ಟರ್ ಇದೆ. ಓದು 14 ವೋಲ್ಟಿನ ಸುತ್ತಮುತ್ತ ಏರಿದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ ಎಂದೂ, ಏರದಿದ್ದರೆ ಅದನ್ನೋ ಅದರ ಫ್ಯೂಸನ್ನೋ ಸರ್ವಿಸ್ ಸೆಂಟರಿನವರು ನೋಡಬೇಕೆಂದೂ ತಿಳಿಯಿರಿ. ಓದು ಚೆನ್ನಾಗಿದ್ದೂ ತೊಂದರೆ ಮರುಕಳಿಸಿದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಪರೀಕ್ಷೆ (ಭಾರ ಹಾಕಿದಾಗ ವೋಲ್ಟೇಜು ನಿಲ್ಲುತ್ತದೆಯೇ ಎಂಬ ಪರೀಕ್ಷೆ) ಮಾಡಿಸಬೇಕು.

ಹೊಸದು ಹಾಕಿಸುವಾಗ ಎಚ್ಚರ ಬೇಕು. ಬ್ಯಾಟರಿ ಕಾರಿನ ಒಳಭಾಗದಲ್ಲಿರುವ ಮಾದರಿಗಳಿಗೆ ಗಾಳಿ ಹೊರಹೋಗುವ ಕೊಳವೆಯಿರುವ, ತಯಾರಕರು ಹೇಳಿದ ಬಗೆಯದೇ ಆಗಬೇಕು. ಅಳತೆ ಕೂತಿತೆಂದು ನೀರು ಹಾಕುವ ಅಗ್ಗದ ಬ್ಯಾಟರಿಯನ್ನು ಒಪ್ಪಬೇಡಿ. ಇನ್ನೊಂದು ಮಾತು: ಕಾರಿನ ಕಂಪ್ಯೂಟರುಗಳು ದಾಖಲಿಸಿಟ್ಟ ದೋಷದ ಕೋಡ್‌ಗಳನ್ನು ಸ್ಕ್ಯಾನರಿನಲ್ಲಿ ಓದಿ ಬರೆದುಕೊಳ್ಳುವ ಮೊದಲು ಯಾರೂ ಟರ್ಮಿನಲ್ ಬಿಚ್ಚದಿರಲಿ. ದೋಷ ಉಂಟಾದ ಹೊತ್ತಿನ ದಾಖಲೆ ಅಳಿಸಿಹೋದರೆ ಮುಂದೆ ಹುಡುಕುವವರಿಗೆ ಎಳೆಯೇ ಸಿಗುವುದಿಲ್ಲ.

ಮುಂದಿನ ಸಲ ಊರಿಗೆ ಹೋಗುವಾಗ ನಂಬಿಕಸ್ಥರೊಬ್ಬರು ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ 'ರೆಡಿ'ಯಲ್ಲಿಡಲಿ. ಎಂಜಿನ್ ತಾನಾಗಿ ಶುರುವಾಗಬಹುದಾದ್ದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಮಾಡಬಾರದು. ಅದಾಗದಿದ್ದರೆ ಮೈನಸ್ ಟರ್ಮಿನಲ್ ಬಿಚ್ಚಿಡಬಹುದು. ಆದರೆ ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿಯ ಬೀಗ ವಿದ್ಯುತ್ತಿನದಾದರೆ, ಬಿಚ್ಚಿ ಮುಚ್ಚಿದಿರೋ, ತೆರೆಯುವ ದಾರಿ ಹುಡುಕುತ್ತ ಹಿಂದಿನ ಸೀಟಿನ ಮೇಲೆ ತೆವಳಬೇಕಾಗುತ್ತದೆ. ಸ್ಮಾರ್ಟ್ ಕೀಯನ್ನು ಪೋರ್ಟಿಕೋದ ಗೋಡೆಯ ಮೊಳೆಗೆ ನೇತುಹಾಕುವ ರೂಢಿಯಿದ್ದರೆ ಅದನ್ನೂ ಬಿಡಿ. ಕೀ ಹತ್ತಿರವಿದ್ದಷ್ಟೂ ಕಾರು ಅದನ್ನು ಮಾತನಾಡಿಸುತ್ತಲೇ ಇರುತ್ತದೆ, ಆ ಖರ್ಚೂ ಚಿಕ್ಕ ಬ್ಯಾಟರಿಯದೇ.

ಪ್ರಶ್ನೆ: ಮಧ್ಯಾಹ್ನದ ಓಡಾಟದಲ್ಲಿ ಹಿಂದಿನ ಸೀಟಿನ ಪಕ್ಕದಿಂದ ಫ್ಯಾನಿನ ಜೋರು ಸದ್ದು ಬರುತ್ತದೆ. ಮೈಲೇಜೂ ಇಳಿದಿದೆ. ಒಮ್ಮೆ ಬ್ಯಾಟರಿಯ ಗಾಳಿದಾರಿಯನ್ನು ಪರೀಕ್ಷಿಸಿ ಎಂಬ ಸೂಚನೆ ಬಂದು ಮಾಯವಾಯಿತು. ಸೆನ್ಸರ್ ಕೆಟ್ಟಿದೆಯೇ?
— ಶೇಂಗಾ ವ್ಯಾಪಾರಿ, ಚಳ್ಳಕೆರೆ

ಉತ್ತರ: ಸೆನ್ಸರ್ ಸರಿಯಾಗಿಯೇ ಹೇಳುತ್ತಿರಬಹುದು. ಗಾಳಿಯಿಂದ ತಂಪಾಗುವ ಹೈಬ್ರಿಡ್ ಬ್ಯಾಟರಿಗಳು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಅದಕ್ಕೆಂದೇ ಹಿಂದಿನ ಸೀಟಿನ ಬುಡದಲ್ಲೋ ಪಕ್ಕದಲ್ಲೋ ಒಂದು ಜಾಲರಿ ಇರುತ್ತದೆ. ನೀವು ಪ್ರಶ್ನೆಯೊಂದಿಗೆ ಕಳುಹಿಸಿದ ಚಿತ್ರದಲ್ಲಿ ಆ ಜಾಲರಿಗೆ ಒತ್ತಿಕೊಂಡೇ ಎರಡು ಚೀಲಗಳಿವೆ, ಜಾಲರಿಯ ಎಳೆಗಳ ನಡುವೆ ಶೇಂಗಾ ಬೀಜದ ಕೆಂಪು ಸಿಪ್ಪೆ ಸಿಕ್ಕಿಕೊಂಡಿರುವುದೂ ಕಾಣುತ್ತದೆ. ಉತ್ತರ ಅಲ್ಲೇ ಇದೆ.

ಗಾಳಿ ಸಾಲದೆ ಬ್ಯಾಟರಿ ಕಾವೇರಿದಾಗ ಕಂಪ್ಯೂಟರ್ ಫ್ಯಾನಿನ ವೇಗವನ್ನು ಹೆಚ್ಚಿಸುತ್ತದೆ; ಅದೂ ಸಾಲದಾದಾಗ ಬ್ಯಾಟರಿಗೆ ಹೋಗಿ ಬರುವ ವಿದ್ಯುತ್ತನ್ನು ಮಿತಿಗೊಳಿಸಿ ಭಾರವನ್ನೆಲ್ಲ ಪೆಟ್ರೋಲ್ ಎಂಜಿನ್ನಿನ ಮೇಲೆ ಹಾಕುತ್ತದೆ. ಮೈಲೇಜು ಇಳಿಯುವುದು ಹೀಗೆ. ಚೀಲಗಳನ್ನು ಸರಿಸಿ, ಜಾಲರಿಯ ಹಿಂದಿನ ಫಿಲ್ಟರನ್ನು ಹೊರತೆಗೆದು ಮೃದು ಬ್ರಷ್ಷಿನಿಂದಲೋ ವ್ಯಾಕ್ಯೂಮ್ ಕ್ಲೀನರಿನಿಂದಲೋ ಸ್ವಚ್ಛಗೊಳಿಸಿ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜಾಲರಿಯೊಳಕ್ಕೆ ಊದಿಸಿದರೆ ಕಸವೆಲ್ಲ ಬ್ಯಾಟರಿಯೊಳಗೇ ಸೇರುತ್ತದೆ. ಬಿಸಿಲಿನಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಕಿಟಕಿ ಇಳಿಸಿ ಕಾವು ಹೊರಹಾಕಿ, ನಂತರ ಎ.ಸಿ. ಹಾಕಿ, ನಿಮಗೆ ಹಿತವಾದ ಗಾಳಿಯೇ ಬ್ಯಾಟರಿಗೂ ಹಿತ. ಇಷ್ಟಾದ ಮೇಲೂ ಎಚ್ಚರಿಕೆ ಬಂದು, ಸ್ಕ್ಯಾನರ್ ಪಿ0ಎ80 ಎಂಬ ಕೋಡ್ ತೋರಿಸಿದರೆ ಆಗ ದೊಡ್ಡ ಬ್ಯಾಟರಿಯ ಸ್ಥಿತಿಯನ್ನೇ ಪರೀಕ್ಷಿಸಬೇಕು. ಅದರ ವಾರಂಟಿ ಉಳಿದ ಕಾರಿನ ವಾರಂಟಿಗಿಂತ ದೀರ್ಘವಾಗಿರುವುದು ಸಾಮಾನ್ಯವಾದ್ದರಿಂದ ಕಾಗದಗಳನ್ನು ತೆಗೆದು ನೋಡಿ. ಹೆಚ್ಚು ವೋಲ್ಟೇಜಿನ, ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ನನ್ನ ಹೈಬ್ರಿಡ್ ಕಾರು ಮೆಕ್ಕೆಜೋಳದ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲುತ್ತದೆ. ಆಗಾಗ ಚಲಿಸುವಾಗಲೇ ದೀಪಗಳು ಹೊತ್ತುತ್ತವೆ. ಆನ್‌ಲೈನಿನಲ್ಲಿ ಕೊಂಡ ಸ್ಕ್ಯಾನರ್ ಯು0100 ಎಂದು ತೋರಿಸುತ್ತದೆ. ಅಳಿಸಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಅಳಿಸುವುದನ್ನು ನಿಲ್ಲಿಸಿ. ಯು ಅಕ್ಷರದ ಕೋಡ್‌ಗಳು ಕಂಪ್ಯೂಟರುಗಳ ನಡುವಿನ ಸಂಪರ್ಕಕ್ಕೆ ಸಂಬಂಧಿಸಿದವು. ಯು0100 ಎಂದರೆ ಎಂಜಿನ್ ಕಂಪ್ಯೂಟರಿನ ಸಂಪರ್ಕ ತಪ್ಪಿದೆ ಎಂದರ್ಥ. 12 ವೋಲ್ಟಿನ ಬ್ಯಾಟರಿಯನ್ನು ಪರೀಕ್ಷಿಸಿದ ನಂತರ ನಾನು ಅನುಮಾನಿಸುವುದು ಇಲಿಯನ್ನು. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರೆ ಬ್ಯಾಟರಿ ತಟ್ಟೆಯ ಅಂಚಿನಲ್ಲಿ ಜೋಳದ ಕಾಳು, ಹಿಕ್ಕೆ, ಕಡಿದ ಟೇಪಿನ ಚೂರು ಸಿಕ್ಕಬಹುದು. ಕಂಪ್ಯೂಟರುಗಳು ಮಾತನಾಡುವುದು ಹೆಣೆದುಕೊಂಡ ಎರಡು ತಂತಿಗಳಲ್ಲಿ. ಅದರ ಎರಡೂ ತುದಿಗಳಲ್ಲಿ 120 ಓಮ್‌ನ ರೋಧಕಗಳಿರುವುದರಿಂದ, ಬ್ಯಾಟರಿ ಬಿಚ್ಚಿ ಆ ತಂತಿಗಳ ನಡುವೆ ಅಳೆದಾಗ ಅವೆರಡೂ ಸಮಾನಾಂತರವಾಗಿ ಸೇರಿ 60 ಓಮ್ ಬರಬೇಕು. 120 ಬಂದರೆ ಎಲ್ಲೋ ತಂತಿ ಕಡಿದಿದೆ. ಈ ಅಳತೆ ತಿಳಿದ ಆಟೋ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ. ಆ ಸ್ಕ್ಯಾನರನ್ನೂ ಕಾರಿಗೆ ಸಿಕ್ಕಿಸಿಯೇ ಬಿಡಬೇಡಿ; ಅಗ್ಗದವು ಕಾರು ನಿಂತಾಗಲೂ ಬ್ಯಾಟರಿ ಹೀರುತ್ತವೆ.

ಪ್ರಶ್ನೆ: ನಿಂತುಹೋದ ಟ್ರ್ಯಾಕ್ಟರಿಗೆ ಹೈಬ್ರಿಡ್ ಕಾರಿನಿಂದ ಕೇಬಲ್ ಹಾಕಿ ಜಂಪ್ ಕೊಡಬಹುದೇ?
— ಕೃಷಿಕರು, ಹೊಸದುರ್ಗ

ಉತ್ತರ: ಬೇಡ. ಸ್ಟಾರ್ಟರ್ ಮೋಟರ್ ಎಳೆಯುವಷ್ಟು ವಿದ್ಯುತ್ತನ್ನು ಒಮ್ಮೆಲೇ ಕೊಡಲು ಆ ಚಿಕ್ಕ ಬ್ಯಾಟರಿಯೂ ಕನ್ವರ್ಟರೂ ತಯಾರಾಗಿಲ್ಲ. ನಿಮ್ಮ ಕಾರೇ ನಿಂತರೆ ಇನ್ನೊಂದು 12 ವೋಲ್ಟಿನ ಕಾರಿನಿಂದ ಪಡೆಯಬಹುದು. ಕೆಂಪು ಕೇಬಲ್ ಪ್ಲಸ್‌ಗೆ, ಕಪ್ಪನ್ನು ಬಣ್ಣವಿಲ್ಲದ ಲೋಹದ ಭಾಗಕ್ಕೆ. ಅದಲುಬದಲಾದರೆ ಫ್ಯೂಸಿನೊಂದಿಗೆ ಕನ್ವರ್ಟರೂ ಸುಡಬಹುದು. ಹೆದ್ದಾರಿಯಲ್ಲಿ ಸಹಾಯಕ್ಕೆ ನಿಲ್ಲುವ ಲಾರಿಯವರಿಗೆ ಕೈಮುಗಿದು ಬೇಡವೆನ್ನಿ, ಲಾರಿಗಳದ್ದು ಸಾಮಾನ್ಯವಾಗಿ 24 ವೋಲ್ಟು.