ಕಪಾಳಕ್ಕೆ ಬಿದ್ದ ಮೇಲಿನ ಅರ್ಧ ಕಥೆ

ಮಾನ್ಯ ಸಂಪಾದಕರೇ,
ಮಗಳು ಹಾಕಿಕೊಟ್ಟ ಅಮೆರಿಕದ ‘ಲಾ ಅಂಡ್ ಆರ್ಡರ್’ ಸೀರಿಯಲ್ ನೋಡುತ್ತಿದ್ದೇವೆ. ಅರ್ಧಕ್ಕೇ ಆಸಾಮಿ ಸಿಕ್ಕಿಬೀಳುತ್ತಾನೆ. ಆಮೇಲೆ ಬರೀ ಕೋರ್ಟು, ವಾದ. ನಮ್ಮ ಯಜಮಾನರು ಅಲ್ಲಿಗೇ ಗೊರಕೆ. ‘ಎರಡು ಬಿಟ್ಟಿದ್ರೆ ಅವತ್ತೇ ಕಕ್ತಿದ್ದ’ ಅಂತಾರೆ. ನಮ್ಮ ‘ಸಿಐಡಿ’ಯೇ ವಾಸಿ ಅಲ್ಲವೇ?
– ಓದುಗರೊಬ್ಬರು, ಮಂಡ್ಯ

ತಾಯಿ, ‘ಸಿಐಡಿ’ಯನ್ನು ನಾನೂ ಕದ್ದುಮುಚ್ಚಿ ನೋಡಿದವನೇ. 1998ರಲ್ಲಿ ಶುರುವಾಗಿ 20 ವರ್ಷ ಓಡಿ ನಿಂತಿತು, 2024ರ ಕೊನೆಗೆ ಮತ್ತೆ ಬಂತು. ಬಾಗಿಲು ಒಡೆಯುವ ದಯಾ ನಮ್ಮ ಕರಾವಳಿಯ ಶೆಟ್ಟರು ಅನ್ನುವ ಅಭಿಮಾನ ಬೇರೆ. ಅಷ್ಟು ಒಪ್ಪಿದೆ.

ಆದರೆ ಕಪಾಳಕ್ಕೊಂದು ಬಿದ್ದೊಡನೆ ಬಾಯಿಂದ ಉದುರುವ ಆ ತಪ್ಪೊಪ್ಪಿಗೆ ಇದೆಯಲ್ಲ, ಕೋರ್ಟಿನಲ್ಲಿ ಅದು ಮೂರು ಕಾಸಿಗೂ ಬಾಳದು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಆರೋಪಿಯ ವಿರುದ್ಧ ನಡೆಯದು ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅದು 23ನೇ ಕಲಮಾಗಿ ಕೂತಿದೆ. ಅವನ ಮಾತಿನಿಂದ ಮಾಲು ಸಿಕ್ಕರೆ ಮಾತ್ರ ಬೇರೆ ಲೆಕ್ಕ.

ಆ ಬೇರೆ ಲೆಕ್ಕದಲ್ಲಿ ನಾನೇ ಸಿಕ್ಕಿಕೊಂಡಿದ್ದೆ. ಕಾಲೇಜಿನ ದಿನಗಳು. ಹಿಡಿದ ಹುಡುಗ ತೋರಿಸಿದ ಜಾಗದಲ್ಲಿ ಕಳುವಾದ ಸೈಕಲ್ ಸಿಕ್ಕಿತು. ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಪಂಚನಾಗು, ಅಂದರೆ ಸಾಕ್ಷಿಗೆ ನಿಲ್ಲು ಎಂದು ಪೊಲೀಸರು ಕರೆದರು. ಜೀಪಿನ ಬಾನೆಟ್ಟಿನ ಮೇಲೆ ಮಹಜರಿಗೆ ಸಹಿ ಹಾಕಿ ಮ್ಯಾಟಿನಿಗೆ ಓಡಿದೆ. 3 ವರ್ಷದ ಮೇಲೆ ಸಮನ್ಸ್ ಬಂತು. ಮೈಸೂರಿನ ಚಾಮರಾಜಪುರಂ ಕೋರ್ಟಿನಲ್ಲಿ ವಕೀಲರು ಕನ್ನಡಕ ಒರೆಸುತ್ತಾ ಕೇಳಿದರು: ‘ಸೈಕಲ್ಲಿಗೆ ಕ್ಯಾರಿಯರ್ ಇತ್ತಾ ಸ್ವಾಮಿ?’ ಇತ್ತು ಅಂದೆ. ಮಹಜರಿನಲ್ಲಿ ‘ಕ್ಯಾರಿಯರ್ ಇರುವುದಿಲ್ಲ’ ಎಂದು ಬರೆದಿತ್ತು, ಕೆಳಗೆ ನನ್ನದೇ ದುಂಡು ಸಹಿ. ‘ಓದಿ ಸಹಿ ಹಾಕಿದಿರೋ?’ ನನ್ನ ಕಿವಿ ಕಾದುಹೋಯಿತು. ಹುಡುಗ ಬಿಡುಗಡೆಯಾದ.

‘ಲಾ ಅಂಡ್ ಆರ್ಡರ್’ ಹುಟ್ಟಿಸಿದ ಡಿಕ್ ವುಲ್ಫ್ 1990ರಲ್ಲಿ ಕಥೆಯನ್ನು ಸೀಳಿ ಅರ್ಧ ಪೊಲೀಸರಿಗೆ, ಅರ್ಧ ಸರ್ಕಾರಿ ವಕೀಲರಿಗೆ ಹಂಚಿದ್ದರಲ್ಲಿ ಈ ಕಿವಿ ಕಾಯುವ ಗಳಿಗೆಗೂ ಜಾಗ ಸಿಕ್ಕಿತು. ಠಾಣೆಯಲ್ಲಿ ಗಟ್ಟಿ ಅನ್ನಿಸಿದ್ದು ಕೋರ್ಟಿನಲ್ಲಿ ಪುಡಿಯಾಗುತ್ತದೆ. ನಟರು ಬಂದರು, ಹೋದರು. ಒಬ್ಬ ಹೀರೋನ ಹಂಗಿಲ್ಲದೆ 20 ಸೀಸನ್ ನಡೆದು 2010ಕ್ಕೆ ನಿಂತು, 2022ಕ್ಕೆ ಎದ್ದು ಕೂತಿತು. ಅದರ ಮರಿ ಸೀರಿಯಲ್‌ಗಳ ಪಾಡು ನೋಡಿ. 1999ರ ‘ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ ಪೊಲೀಸರ ಕಡೆ ವಾಲಿತು, ಒಲಿವಿಯಾ ಬೆನ್ಸನ್ ಎಂಬ ಪೊಲೀಸ್ ಪಾತ್ರದ ಮುಖವನ್ನು ಗಟ್ಟಿಯಾಗಿ ಹಿಡಿಯಿತು, ತಾಯಿ ಸೀರಿಯಲ್ಲಿನ 20 ಸೀಸನ್ನಿನ ದಾಖಲೆಯನ್ನೇ ಮುರಿಯಿತು. ಕೋರ್ಟನ್ನೇ ನಂಬಿ 2005ರಲ್ಲಿ ಹುಟ್ಟಿದ ‘ಟ್ರಯಲ್ ಬೈ ಜ್ಯೂರಿ’ ಒಂದೇ ಸೀಸನ್ನಿಗೆ ಕಣ್ಣು ಮುಚ್ಚಿತು. ಗೊರಕೆ ಹೊಡೆಯುವವರು ಅಮೆರಿಕದಲ್ಲೂ ಇದ್ದಾರೆ, ಯಜಮಾನರಿಗೆ ಹೇಳಿ, ಸಮಾಧಾನವಾದೀತು.

ನಮ್ಮಲ್ಲಂತೂ ಗೊರಕೆಗೂ ಪುರುಸೊತ್ತಿಲ್ಲ. ಬೆಳಿಗ್ಗೆ ಬಂಧನ, ರಾತ್ರಿ 9ಕ್ಕೆ ಟೀವಿಯಲ್ಲಿ ಗಲ್ಲು. ಚಾರ್ಜ್‌ಶೀಟ್ ಹಾಕುವ ಹೊತ್ತಿಗೆ ಕೂಗಾಡಿದವರಿಗೆ ಆರೋಪಿಯ ಹೆಸರೂ ನೆನಪಿರುವುದಿಲ್ಲ. ಅಗ್ರಹಾರದ ನನ್ನ ಕಾಫಿ ಗೆಳೆಯರು, ಎಲ್ಲ ಓದಿಕೊಂಡವರೇ, ಎರಡನೇ ಗುಟುಕಿಗೇ ‘ಎನ್‌ಕೌಂಟರ್ ಮಾಡ್ಬೇಕ್ರೀ’ ಅನ್ನುತ್ತಾರೆ. ತಮ್ಮ ಸೈಟಿನ ತಕರಾರಿಗೆ ಮಾತ್ರ ಹೈಕೋರ್ಟಿನ ತನಕ ಹೋಗುತ್ತಾರೆ.

ಇವತ್ತು ರಾತ್ರಿ ಯಜಮಾನರನ್ನು ಅರ್ಧಕ್ಕೆ ಎಬ್ಬಿಸಿ, ಒಂದು ಲೋಟ ಕಾಫಿ ಕೊಡಿ. ವಾದ ಶುರುವಾಗುವ ಮೊದಲು, ಸತ್ತವನ ಕೋಟು ಯಾವ ಬಣ್ಣದ್ದು ಅಂತ ಕೇಳಿ ನೋಡಿ.