ಮಾನ್ಯತೆ ಇಲ್ಲದ ಸೈಕೋಅನಾಲಿಸಿಸ್ ಸರ್ಟಿಫಿಕೇಟ್ ಇಟ್ಕೊಂಡು ಎಂತ ಮಾಡಬಹುದು?

ತಂಗಿ ಮಗಳು ಬಿಎ ಸೈಕಾಲಜಿ ಮುಗಿಸಿ ಶಿರಸಿ ಮನೇಲೇ ಕೂತು ಆರು ತಿಂಗಳ ಆನ್‌ಲೈನ್ 'ಸರ್ಟಿಫೈಡ್ ಸೈಕೋಅನಾಲಿಸ್ಟ್' ಕೋರ್ಸ್ ಮಾಡ್ತೀನಿ ಅಂತಿದ್ದಾಳೆ, ಕೆಳಗೆ ಸಣ್ಣ ಅಕ್ಷರದಲ್ಲಿ ಮಾನ್ಯತೆ ಇಲ್ಲ ಅಂತ ಬರೆದಿದ್ದಾರೆ, ಇದು ಮೋಸನಾ ಅಂತ ಕೇಳಿದ್ದೀರಿ. ನಾನು ಕುಮಟಾ ಕಡೆ ಕಾಲೇಜ್ ಹುಡುಗರಿಗೆ ಕೌನ್ಸೆಲಿಂಗ್ ಮಾಡೋಳು, ಸೈಕೋಅನಾಲಿಸ್ಟ್ ಅಲ್ಲ, ಆದ್ರೆ ಈ ಪ್ರಶ್ನೆ ನಮ್ಮ ಹುಡುಗೀರೂ ಕೇಳ್ತಾ ಇರ್ತಾರೆ.

ಮಾನ್ಯತೆ ಇಲ್ಲ ಅಂದಕೂಡ್ಲೇ ಮೋಸ ಅಂತ ಆಗಲ್ಲ. ಯಾಕಂದ್ರೆ ಸೈಕೋಅನಾಲಿಸಿಸ್ ಅಂದ್ರೆ ಫ್ರಾಯ್ಡ್ ಶುರು ಮಾಡಿದ, ಮನಸ್ಸಿನ ಆಳದಲ್ಲಿರೋದನ್ನ ಮಾತಾಡಿಸಿ ಹೊರಗೆ ತರೋ ಚಿಕಿತ್ಸೆ, ಅದರ ಟ್ರೇನಿಂಗ್ ಮೊದಲಿಂದಲೂ ಯೂನಿವರ್ಸಿಟಿ ಹೊರಗೇ ಬೆಳೆದದ್ದು. 1910ರಲ್ಲಿ ಇಂಟರ್‌ನ್ಯಾಷನಲ್ ಸೈಕೋಅನಾಲಿಟಿಕಲ್ ಅಸೋಸಿಯೇಷನ್ ಆಯ್ತು, ನಮ್ಮ ದೇಶದಲ್ಲಿ 1922ರಲ್ಲಿ ಗಿರೀಂದ್ರಶೇಖರ್ ಬೋಸ್ ಕಲ್ಕತ್ತಾದಲ್ಲಿ ಇಂಡಿಯನ್ ಸೈಕೋಅನಾಲಿಟಿಕಲ್ ಸೊಸೈಟಿ ಶುರು ಮಾಡಿದ್ರು, ಇಂಥ ಕಡೆ ಟ್ರೇನಿಂಗ್ ಆಗೋರಿಗೆ ಸಿಗೋದೂ ಸಂಘದ ಮೆಂಬರ್‌ಶಿಪ್ಪೇ ಹೊರತು ಡಿಗ್ರಿ ಅಲ್ಲ. ಡಾಕ್ಟರ್ ಅಲ್ಲದ ಸೈಕೋಅನಾಲಿಸ್ಟ್ ಥಿಯೋಡೋರ್ ರೈಕ್ ಮೇಲೆ ವಿಯೆನ್ನಾದಲ್ಲಿ ನಕಲಿ ವೈದ್ಯ ಅಂತ ದೂರು ಬಂದಾಗ ಫ್ರಾಯ್ಡ್ 1926ರಲ್ಲಿ ಅವನ ಪರವಾಗಿ ಒಂದು ಪುಸ್ತಕವನ್ನೇ ಬರೆದ. ಡಾಕ್ಟರೇ ಆಗಿರಬೇಕಂತ ಇಲ್ಲ, ಆದ್ರೆ ಸರಿಯಾಗಿ ತಯಾರಾಗಿರಲೇಬೇಕು ಅಂತ ಫ್ರಾಯ್ಡ್ ವಾದ.

ಆ ತಯಾರಿ ಎಂತದು ನೋಡಿ. ಕಲಿಯೋರು ಮೊದಲು ತಾವೇ ಅನಾಲಿಸಿಸ್‌ಗೆ ಒಳಗಾಗಬೇಕು, ಅದೂ ವಾರಕ್ಕೆ ಮೂರರಿಂದ ಐದು ಸಲ, ವರ್ಷಗಟ್ಟಲೆ. ಜೊತೆಗೆ ಥಿಯರಿ ಕ್ಲಾಸು. ಆಮೇಲೆ ಹಿರಿಯರ ಸೂಪರ್‌ವಿಷನ್‌ನಲ್ಲಿ ಕೇಸ್ ತಗೊಂಡು, ಇವತ್ತು ಹೀಗಂದ್ರು ನಾನು ಹೀಗಂದೆ ಅಂತ ಪ್ರತಿ ಸಲ ಹೋಗಿ ಒಪ್ಪಿಸಬೇಕು. ಆರು ತಿಂಗಳ ರೆಕಾರ್ಡೆಡ್ ವಿಡಿಯೋದಲ್ಲಿ ಥಿಯರಿ ಒಂದು ಸಿಗಬಹುದು, ಉಳಿದೆರಡು ಎಲ್ಲಿಂದ ಬರ್ತದೆ ಮಾರಾಯ್ರೆ. ಹಾಗಾಗಿ ಕೋರ್ಸಿನವರಿಗೆ ಫೋನ್ ಮಾಡಿದಾಗ ಮಾನ್ಯತೆ ಇದ್ಯಾ ಅನ್ನೋದಕ್ಕಿಂತ ಮೊದಲು ಇದನ್ನೇ ಕೇಳಿಸಿ, ಸೂಪರ್‌ವಿಷನ್ ಯಾರು ಮಾಡ್ತಾರೆ, ಅವರು ಟ್ರೇನಿಂಗ್ ಆಗಿದ್ದು ಎಲ್ಲಿ, ಉತ್ತರ ಫೋನಲ್ಲಿ ಬೇಡ ಮೇಲ್‌ನಲ್ಲೇ ಕಳಿಸಿ ಅನ್ನಿ. ಐಎಸ್‌ಒ ಸರ್ಟಿಫೈಡ್, ಸರ್ಕಾರದಲ್ಲಿ ರಿಜಿಸ್ಟರ್ ಆದ ಸಂಸ್ಥೆ ಅಂತೆಲ್ಲಾ ಹೇಳಿದ್ರೆ ಮರುಳಾಗಬೇಡಿ. ಐಎಸ್‌ಒ 9001 ಅಂದ್ರೆ ಸಂಸ್ಥೆಯ ಆಡಳಿತ ಪದ್ಧತಿಗೆ ಕೊಡೋದು, ಟ್ರಸ್ಟ್ ರಿಜಿಸ್ಟ್ರೇಷನ್ ಯಾರು ಬೇಕಾದ್ರೂ ಮಾಡಿಸಬಹುದು, ಎರಡಕ್ಕೂ ಪಾಠದ ಗುಣಮಟ್ಟಕ್ಕೂ ಸಂಬಂಧ ಇಲ್ಲ.

ಇನ್ನು ಕಾನೂನು, ಇದು ಪೂರ್ತಿ ಬೇರೆ ವಿಷಯ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಪ್ರಾಕ್ಟೀಸ್ ಮಾಡಬೇಕಾದ್ರೆ 1992ರ ಕಾಯ್ದೆ ಪ್ರಕಾರ ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ರಿಜಿಸ್ಟರ್‌ನಲ್ಲಿ ಹೆಸರಿರಬೇಕು, ಆ ಪಟ್ಟಿಯಲ್ಲಿ ಸೈಕೋಅನಾಲಿಸ್ಟ್ ಅಂತ ಒಂದು ವರ್ಗವೇ ಇಲ್ಲ. ಅಂದ್ರೆ ಈ ಸರ್ಟಿಫಿಕೇಟ್ ಹಿಡ್ಕೊಂಡು ಅವಳು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಳ್ಳೋ ಹಾಗಿಲ್ಲ, ಮಾತ್ರೆ ಬರೆಯೋದಂತೂ ಬಿಡಿ. ನಮ್ಮೂರಲ್ಲಿ ಮೆಡಿಕಲ್ ಶಾಪಿನವರನ್ನೂ ಡಾಕ್ಟ್ರೇ ಅಂತ ಕರೀತೀವಿ, ಬೋರ್ಡ್ ಒಂದು ಕಂಡ್ರೆ ಸಾಕು ಜನ ಬರ್ತಾರೆ, ಡಿಪ್ರೆಷನ್ ಆಗಿ ಸಾಯಬೇಕು ಅನ್ಸಿದವರೂ ಬರ್ತಾರೆ. ಅಂಥವರನ್ನ ಗುರುತಿಸಿ ಕಾರವಾರದ ಮೆಡಿಕಲ್ ಕಾಲೇಜಿಗೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಕಳಿಸೋದನ್ನ, ಅಲ್ಲೀವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ನಂಬರ್ ಆದ್ರೂ ಕೊಡೋದನ್ನ ಆ ವಿಡಿಯೋದಲ್ಲಿ ಕಲಿಸ್ತಾರಾ?

ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಶಿರಸಿಯಂಥ ಊರಲ್ಲಿ ಎದುರು ಕೂತವರು ಯಾರದೋ ಅತ್ತೆ, ಯಾರದೋ ನಾದಿನಿ ಆಗಿರ್ತಾರೆ, ಅಲ್ಲಿ ಹೇಳಿದ್ದು ಮುಂದಿನ ವಾರ ಯಾವುದೋ ಮದುವೆ ಮನೆ ಪಂಕ್ತಿಯಲ್ಲಿ ಕೇಳಿಬಂದ್ರೆ ಆ ಹೆಂಗಸು ಯಾರ ಹತ್ರ ದೂರು ಕೊಡಬೇಕು? ರಿಜಿಸ್ಟರ್ ಆದವರ ಹೆಸರು ಕೌನ್ಸಿಲ್‌ನವರು ಕಿತ್ತು ಹಾಕಬಹುದು, ಸೈಕೋಅನಾಲಿಸಿಸ್ ಸಂಘಗಳಿಗೂ ತಮ್ಮ ಮೆಂಬರ್‌ಗಳ ಮೇಲೆ ಎಥಿಕ್ಸ್ ನಿಯಮ ಇರ್ತದೆ. ಕೋರ್ಸ್ ಮಾರಿದವರು ಫೀಸ್ ತಗೊಂಡು ಪಿಡಿಎಫ್ ಕಳಿಸಿದ ಮೇಲೆ ಅವರ ಕೆಲಸ ಮುಗೀತು. ಮಾನ್ಯತೆ ಇಲ್ಲ ಅನ್ನೋದರ ನಿಜವಾದ ನಷ್ಟ ಬಂದವರಿಗೆ ಆಗೋದು, ನಿಮ್ಮ ಹುಡುಗಿಗಲ್ಲ.

ಓದೋ ಆಸೆಗೆ ಅಂದ್ರೆ ಮಾಡ್ಲಿ ಬಿಡಿ, ಫೀಸ್ ಹಗುರ ಇದ್ರೆ ನಷ್ಟ ಎಂತದೂ ಇಲ್ಲ. ಜನರನ್ನ ನೋಡೋಕೆ ಅಂತಾದ್ರೆ ಮುಂದೆ ಓದಿ ಆರ್‌ಸಿಐ ಒಪ್ಪಿದ ಕೋರ್ಸಿಗೆ ಪ್ರಯತ್ನ ಮಾಡ್ಲಿ, ಸೀಟು ಕಮ್ಮಿ, ಕಷ್ಟ ಇದೆ ನಿಜ. ಅಷ್ಟರೊಳಗೆ ಮನೆ ಮುಂದೆ ಬೋರ್ಡ್ ಹಾಕೋದು ಮಾತ್ರ ಬೇಡ ಅಂತ ನೀವೇ ಕೂರಿಸಿಕೊಂಡು ಹೇಳಿ.