ಬೆಕ್ಕನ್ನು ತೋಟದಲ್ಲಿ ಬಿಟ್ಟು ಬರಬೇಡಿ

ಹೆಂಡತಿಗೆ ಮೂರು ತಿಂಗಳು, ಬೆಕ್ಕಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಅಂತ ಅಮ್ಮ ಅದನ್ನು ಆಲ್ದೂರಿನ ತೋಟದಲ್ಲಿ ಬಿಟ್ಟು ಬಾ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅಮ್ಮನ ಭಯ ಸುಳ್ಳಲ್ಲ. ಆದರೂ ಬೆಕ್ಕನ್ನು ಬಿಡಬೇಕಾಗಿಲ್ಲ.

ಅವರು ಹೇಳುತ್ತಿರುವುದು ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣುವಿನ ಸೋಂಕು. ಬೆಕ್ಕನ್ನು ಸವರಿದರೆ ಅದು ಬರುವುದು ಬಲು ಅಪರೂಪ, ಬರುವುದು ಅದರ ಹೇಲಿನಿಂದ. ಅದೂ ಬಿದ್ದ ಕೂಡಲೇ ಅಂಟುವುದಿಲ್ಲ, ರೋಗಾಣು ಬಲಿಯಲು 1ರಿಂದ 5 ದಿನ ಬೇಕು. ಹಾಗಾಗಿ ದಿನಾ ತೆಗೆದುಹಾಕಿ, ಆ ಕೆಲಸ ನೀವೇ ಮಾಡಿ.

ನನಗೆ ಹೆಚ್ಚು ಚಿಂತೆ ನಿಮ್ಮ ಹಿತ್ತಲಿನ ಮಣ್ಣಿನದು. ನಮ್ಮನೆ ಬೆಕ್ಕು ಹೊಸದಾಗಿ ಅಗೆದ ಕೊತ್ತಂಬರಿ ಮಡಿಯನ್ನೇ ಹುಡುಕಿ, ಕೆರೆದು, ಕೂತು, ನೀಟಾಗಿ ಮಣ್ಣು ಮುಚ್ಚಿ ಹೋಗುತ್ತಿತ್ತು. ಮಡಿ ಮೇಲೆ ಮುಳ್ಳಿನ ಕೊಂಬೆ ಹರಡಿದ ಮೇಲೆ ಬಿಟ್ಟಿತು. ತೇವದ ಮಣ್ಣಿನಲ್ಲಿ ಈ ರೋಗಾಣು ವರ್ಷಕ್ಕೂ ಮೇಲೆ ಬದುಕಬಲ್ಲದು. ನಿಮ್ಮ ಮನೆಯವರು ಹಿತ್ತಲಲ್ಲಿ ಕೈಯಾಡಿಸುವುದಾದರೆ ಗ್ಲೌಸ್ ಹಾಕಿಕೊಳ್ಳಲಿ, ಸೊಪ್ಪನ್ನು ಎರಡು ಮೂರು ನೀರಲ್ಲಿ ತೊಳೆಯಿರಿ. ಕುರಿಯಾಗಲಿ ಹಂದಿಯಾಗಲಿ, ಮಾಂಸ ಪೂರ್ತಿ ಬೇಯಲಿ. ಅರೆಬೆಂದ ಮಾಂಸದಿಂದಲೂ ಇದು ಬರುತ್ತದೆ. ಬೆಕ್ಕಿಗೂ ಹಸಿ ಮಾಂಸ ಹಾಕಬೇಡಿ.

ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಹತ್ತಿರ ರಕ್ತಪರೀಕ್ಷೆ ಬೇಕಾ ಅಂತ ಕೇಳಿ. ಗರ್ಭಿಣಿಯಾಗುವ ಎಷ್ಟೋ ಮೊದಲೇ ಸೋಂಕು ಬಂದುಹೋಗಿದ್ದರೆ ಸಾಮಾನ್ಯವಾಗಿ ಮಗುವಿಗೆ ಅಪಾಯವಿಲ್ಲ.

ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿಲ್ಲವಾದರೆ ಈ ವಾರವೇ ಪಶು ಆಸ್ಪತ್ರೆಗೆ ಒಯ್ಯಿರಿ. ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಬೇಡಿ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.